ಸ್ಟ್ಯಾಂಡ್‌ಅಪ್ ಶೋಗೆ ಹೋಗ್ತೀರಾ? ಮುಂದಿನ ಸಾಲು ಬೇಡ ಅನ್ನಿ, ಕ್ಯಾಮೆರಾ ಎಲ್ಲಿದೆ ನೋಡಿ

ಸ್ಟ್ಯಾಂಡ್‌ಅಪ್ ಕಾಮಿಡಿ ಅಂದರೆ ನನಗೆ ಇಷ್ಟ. ಯೂಟ್ಯೂಬ್‌ನಲ್ಲಿ ಸಿಕ್ಕಿದ್ದನ್ನೆಲ್ಲ ನೋಡುವ ಪೈಕಿ ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶೋ ಯಾರದು, ಜಾಗ ಯಾವುದು ಅಂತ ಹೇಳುವುದಿಲ್ಲ, ಯಾಕೆಂದರೆ ಅವರೊಬ್ಬರನ್ನೇ ಬೈದರೆ ಉಳಿದವರು ಬಚಾವ್ ಆಗಿಬಿಡುತ್ತಾರೆ.

ಭಾವನ ಕೆಲಸ ಹೋಗಿತ್ತು. ಮನೆಯಲ್ಲಿ ಎಲ್ಲರ ಮುಖವೂ ಗಂಟು. ಒಂದು ಸಂಜೆಯಾದರೂ ಸುಮ್ನೆ ನಕ್ಕು ಬರೋಣ ಅಂತ ಅಕ್ಕನೇ ಮೂವರಿಗೂ ಟಿಕೆಟ್ ಬುಕ್ ಮಾಡಿದಳು.

ಪೋಸ್ಟರ್ ಮೇಲೆ ಹೆಸರುವಾಸಿ ಕಾಮಿಡಿಯನ್ ಒಬ್ಬರ ಮುಖ ಇತ್ತು, ದೊಡ್ಡದಾಗಿ. ಕೆಳಗೆ ಸಣ್ಣಕ್ಷರದಲ್ಲಿ "ಕಲಾವಿದರ ಪಟ್ಟಿ ಬದಲಾಗಬಹುದು". ಬದಲಾಯಿತು. ಬಂದವರಲ್ಲಿ ಹೆಚ್ಚಿನವರು ಹೊಸಬರು, ತಲಾ ಐದೈದು ನಿಮಿಷ. ಹೊಸಬರ ಶೋ ಕೆಟ್ಟದ್ದೇನಲ್ಲ, ದೊಡ್ಡವರೂ ಓಪನ್ ಮೈಕ್‌ನಿಂದಲೇ, ಅಂದರೆ ಯಾರು ಬೇಕಾದರೂ ಹೆಸರು ಕೊಟ್ಟು ಕೆಲವು ನಿಮಿಷ ಜೋಕು ಹೇಳಿ ನೋಡುವ ಶೋಗಳಿಂದಲೇ ಮೇಲೆ ಬಂದವರು. ಆದರೆ ಓಪನ್ ಮೈಕ್ ಅಂದರೆ ಓಪನ್ ಮೈಕ್ ಅಂತಲೇ ಹಾಕಬೇಕಲ್ವಾ? ಒಳಗೆ ಕೂತ ಮೇಲೆ ಇನ್ನೊಂದು ಗೊತ್ತಾಯಿತು. ತಲೆಗೆ ಎರಡು ಐಟಂ ಆರ್ಡರ್ ಮಾಡಲೇಬೇಕಂತೆ. ನ್ಯೂಯಾರ್ಕ್‌ನ ಕಾಮಿಡಿ ಕ್ಲಬ್‌ಗಳಲ್ಲಿ ಇದು ಹಳೆಯ ಪದ್ಧತಿ, ಅಲ್ಲಿ ಬುಕ್ ಮಾಡುವಾಗಲೇ ತಿಳಿಸುತ್ತಾರೆ. ನಮಗೆ ಮೆನು ಕೈಗೆ ಕೊಟ್ಟು ಹೇಳಿದರು. ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಬಿಲ್ ಟಿಕೆಟ್ಟನ್ನೂ ಮೀರಿಸಿತು. ಹೋಗಲಿ, ದುಡ್ಡಿನ ವಿಷಯ ಅಂತ ಸುಮ್ಮನಾದೆವು.

ನಿಜವಾದ ತಕರಾರು ಬೇರೆ.

ಬಾಗಿಲಲ್ಲೇ ನಮ್ಮ ಫೋನುಗಳನ್ನು ಬೀಗದ ಚೀಲಕ್ಕೆ ಹಾಕಿಸಿದರು. ಈ ಚೀಲ ಗೊತ್ತಿಲ್ಲದವರಿಗೆ: 2014ರಲ್ಲಿ ಶುರುವಾದ ಯಾಂಡರ್ ಅನ್ನುವ ಅಮೆರಿಕನ್ ಕಂಪನಿ ಇದನ್ನು ಚಾಲ್ತಿಗೆ ತಂದಿತು, ಡೇವ್ ಶಪೆಲ್, ಕ್ರಿಸ್ ರಾಕ್ ತರಹದ ಅಲ್ಲಿನ ದೊಡ್ಡ ಕಾಮಿಡಿಯನ್‌ಗಳ ಶೋಗಳಲ್ಲಿ ಬಳಕೆಯಾಗಿದೆ. ಫೋನ್ ನಮ್ಮ ಹತ್ತಿರವೇ ಇರುತ್ತದೆ, ಚೀಲ ತೆಗೆಯಲು ಮಾತ್ರ ಆಗುವುದಿಲ್ಲ. ಇದಕ್ಕೆ ಕಾರಣವೂ ಸರಿಯಾಗಿಯೇ ಇದೆ. ಒಂದು ಗಂಟೆಯ ಜೋಕು ಕಟ್ಟಲು ವರ್ಷವೇ ಹಿಡಿಯಬಹುದು. ಯಾರೋ ರೆಕಾರ್ಡ್ ಮಾಡಿ ಹಾಕಿಬಿಟ್ಟರೆ ಮುಂದಿನ ಊರಿನ ಜನ ಆ ಜೋಕನ್ನು ಆಗಲೇ ಕೇಳಿರುತ್ತಾರೆ. ಅಷ್ಟೂ ಶ್ರಮ ನೀರುಪಾಲು. ನಾನೇನೂ ಅನ್ನಲಿಲ್ಲ, ಫೋನ್ ಕೊಟ್ಟೆ.

ಸೀಟಿಗೆ ನಂಬರ್ ಇರಲಿಲ್ಲ. ಹಿಂದೆ ಬೇಕಾದಷ್ಟು ಖಾಲಿ ಇದ್ದರೂ ಅಲ್ಲಿದ್ದ ಹುಡುಗ ಸೀದಾ ಮೊದಲ ಸಾಲಿಗೆ ಕರೆದುಕೊಂಡು ಹೋದ. ಮುಂದಿನ ಸಾಲು ಖಾಲಿ ಬಿದ್ದರೆ ಶೋ ಏಳುವುದಿಲ್ಲ, ಅದಕ್ಕೆ ಮೊದಲು ಬಂದವರನ್ನು ಅಲ್ಲಿಗೇ ತುಂಬುತ್ತಾರೆ. ವೇದಿಕೆಯ ಪಕ್ಕ ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ. ಅದರ ಮುಖ ವೇದಿಕೆಯ ಕಡೆಗಲ್ಲ, ನಮ್ಮ ಕಡೆಗೆ. ಕೆಂಪು ದೀಪ ಉರಿಯುತ್ತಿತ್ತು.

ನಿರೂಪಕ ಬಂದವನೇ ಭಾವನನ್ನು ಹಿಡಿದುಕೊಂಡ.

"ಸರ್, ಏನ್ ಕೆಲಸ ಮಾಡ್ತೀರಾ?"

"ಸದ್ಯಕ್ಕೆ ಬಿಡುವಾಗಿದ್ದೀನಿ."

"ಬಿಡುವಾ? ನೀವು ಬಿಟ್ಟಿದ್ದಾ, ಅವರು ಬಿಟ್ಟಿದ್ದಾ?"

ಹಾಲ್ ಗೊಳ್ ಅಂತು. ಜೋಕ್ ಚೆನ್ನಾಗೇ ಇತ್ತು, ಇಲ್ಲ ಅನ್ನುವುದಿಲ್ಲ. ಭಾವನೂ ನಕ್ಕರು. ಆಮೇಲೆ ಅಕ್ಕನ ಕಡೆ ತಿರುಗಿ "ಮೇಡಂ, ಇವತ್ತಿನ ಟಿಕೆಟ್ ನಿಮ್ಮ ದುಡ್ಡಲ್ಲೇ ಅಲ್ವಾ?" ಅಂದ. ಮತ್ತೆ ನಗು. ಅಲ್ಲಿಗೆ ಬಿಡಲಿಲ್ಲ. ಒಬ್ಬೊಬ್ಬ ಕಲಾವಿದ ಇಳಿದು ಹೋದಾಗಲೂ ಮೈಕ್ ಹಿಡಿದು ಬಂದು "ಸರ್, ಈಗ ಏನಾದ್ರೂ ಕೆಲಸ ಸಿಕ್ತಾ?" ಅಂತ ಶುರು. ಭಾವನ ಕಿವಿ ಕೆಂಪಾಗಿತ್ತು. ಅಕ್ಕ ಗ್ಲಾಸನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ಭಾವ ಹೇಳಿದರು, "ಅವರು ಬಿಟ್ಟುಬಿಟ್ರಪ್ಪಾ, ನೀವು ಮಾತ್ರ ಬಿಡ್ತಾ ಇಲ್ಲ." ಅವತ್ತಿನ ಶೋದಲ್ಲಿ ಜೋರು ನಗು ಬಿದ್ದಿದ್ದು ಅದಕ್ಕೇ, ಚಪ್ಪಾಳೆಯೂ ಬಂತು. ನಿರೂಪಕನಿಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಮನೆಯಲ್ಲಿ ಹೇಳಿಕೊಂಡು ನಗಲು ಒಂದು ಕಥೆ ಆಗುತ್ತಿತ್ತು. ಆ ವಾರವೇ ರೀಲ್ ಬಂತು. ಭಾವನ ಮುಖ ಸ್ಪಷ್ಟವಾಗಿ, ಅಕ್ಕನದೂ. ಕೆಳಗೆ ದಪ್ಪ ಅಕ್ಷರದಲ್ಲಿ ಕೆಲಸ ಹೋದವರು ಅಂತ. ಭಾವ ತಿರುಗಿ ಕೊಟ್ಟ ಆ ಉತ್ತರವನ್ನು ಮಾತ್ರ ಕತ್ತರಿಸಿ ತೆಗೆದಿದ್ದರು! ನೋಡಿದವರಿಗೆ ಕಾಣುವುದು ತಲೆ ತಗ್ಗಿಸಿ ಕೂತ ಒಬ್ಬ ಮನುಷ್ಯ, ಅಷ್ಟೇ. ಕೆಲಸ ಹೋಗಿರುವ ವಿಷಯವನ್ನು ಭಾವ ಇನ್ನೂ ಅವರ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಯಾರೋ ನೆಂಟರು ಫ್ಯಾಮಿಲಿ ಗ್ರೂಪ್‌ಗೆ ಹಾಕಿದರು. ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ.

ಆಮೇಲೆ ಗಮನಿಸಿದೆ, ರೀಲ್ಸ್‌ನಲ್ಲಿ ಓಡುವ ಸ್ಟ್ಯಾಂಡ್‌ಅಪ್ ತುಣುಕುಗಳಲ್ಲಿ ಈ ಕ್ರೌಡ್ ವರ್ಕ್, ಅಂದರೆ ಪ್ರೇಕ್ಷಕರನ್ನು ಮಾತಿಗೆಳೆದು ನಗಿಸುವುದು, ಎಷ್ಟೊಂದು! ಲೆಕ್ಕ ಸರಳ. ಬರೆದ ಜೋಕು ಹಾಕಿದರೆ ಅದು ಖರ್ಚಾಗಿ ಹೋಗುತ್ತದೆ. ಪ್ರೇಕ್ಷಕರ ಜೊತೆಗಿನ ಮಾತು ಹೇಗಿದ್ದರೂ ಒಂದೇ ರಾತ್ರಿಯದು, ಹಾಕಿದರೆ ಅವರಿಗೆ ನಷ್ಟ ಇಲ್ಲ, ಮುಂದಿನ ಶೋಗೆ ಬಿಟ್ಟಿ ಪ್ರಚಾರ. ಅವರ ಜೋಕು ಉಳಿಸಲು ನಮ್ಮ ಫೋನಿಗೆ ಬೀಗ, ನಮ್ಮ ಮುಖಕ್ಕೆ ಮಾತ್ರ ಅವರ ಕ್ಯಾಮೆರಾ.

ಆಯೋಜಕರಿಗೆ ಬರೆದೆವು. "ಒಳಗೆ ಬಂದರೆ ಚಿತ್ರೀಕರಣಕ್ಕೆ ಒಪ್ಪಿದಂತೆ ಎಂದು ಬಾಗಿಲ ಬಳಿ ಬೋರ್ಡ್ ಇದೆ" ಅಂತ ಉತ್ತರ. ಇತ್ತಂತೆ, ಫೋನ್ ಕಸಿಯುವ ಟೇಬಲ್ಲಿನ ಹಿಂದೆ.

ಹಾಗಾಗಿ ಹೋಗುವವರು ಇಷ್ಟು ಮಾಡಿ. ಇವತ್ತು ರೆಕಾರ್ಡಿಂಗ್ ಇದೆಯಾ, ಪ್ರೇಕ್ಷಕರ ಮೇಲೂ ಕ್ಯಾಮೆರಾ ಇದೆಯಾ ಅಂತ ಬಾಗಿಲಲ್ಲೇ ಬಾಯಿಬಿಟ್ಟು ಕೇಳಿ. ಮುಂದೆ ಕೂರಿಸಲು ಬಂದರೆ ಬೇಡ ಅನ್ನಿ, ಸಂಕೋಚ ಬೇಡ, ಗೋಡೆ ಪಕ್ಕದ ಹಿಂದಿನ ಸೀಟು ಒಳ್ಳೆಯದು. ಮೈಕ್ ನಿಮ್ಮ ಹತ್ತಿರ ಬಂದೇಬಿಟ್ಟರೆ ನಿಜವಾದ ಕೆಲಸ, ಊರು, ಮದುವೆ ವಿಷಯ ಯಾವುದನ್ನೂ ಹೇಳಬೇಕಾಗಿಲ್ಲ. "ಅಕೌಂಟ್ಸ್" ಅಂತ ಒಂದೇ ಪದ ಸಪ್ಪೆಯಾಗಿ ಹೇಳಿ ಸುಮ್ಮನಾಗಿ, ಹಿಡಿತ ಸಿಗದಿದ್ದರೆ ಅವರೇ ಪಕ್ಕದವರ ಕಡೆ ಹೋಗುತ್ತಾರೆ. ಕಷ್ಟದಲ್ಲಿರುವವರನ್ನು ಕರೆದುಕೊಂಡು ಹೋಗುತ್ತಿದ್ದರಂತೂ ಇದನ್ನು ಮೊದಲೇ ಅವರಿಗೂ ಹೇಳಿಡಿ.

ವಿಡಿಯೋ ಆಗಲೇ ಬಂದಿದ್ದರೆ ಮೊದಲು ಲಿಂಕ್, ಸ್ಕ್ರೀನ್‌ಶಾಟ್, ನಿಮ್ಮ ಮುಖ ಎಷ್ಟನೇ ಸೆಕೆಂಡಿನಲ್ಲಿ ಕಾಣುತ್ತದೆ ಅನ್ನುವುದು ಎಲ್ಲ ಎತ್ತಿಟ್ಟುಕೊಳ್ಳಿ. ಕಾಮೆಂಟ್‌ನಲ್ಲಿ ಜಗಳಕ್ಕೆ ಇಳಿಯಬೇಡಿ, ಅದರಿಂದ ಅವರ ವ್ಯೂಸ್ ಜಾಸ್ತಿ ಆಗುತ್ತದೆ ಅಷ್ಟೇ. ಯೂಟ್ಯೂಬ್‌ನಲ್ಲಿ ಪ್ರೈವೆಸಿ ದೂರು ಅಂತಲೇ ಬೇರೆ ಫಾರ್ಮ್ ಇದೆ. ಅಲ್ಲಿ ಮುಖ ಅಥವಾ ಹೆಸರಿನಿಂದ ನೀವು ಅಂತ ಗುರುತು ಸಿಗುವಂತಿರಬೇಕು, ದೂರನ್ನೂ ಸಾಮಾನ್ಯವಾಗಿ ನೀವೇ ಕೊಡಬೇಕು. ನಮ್ಮ ಮನೆಯಲ್ಲೂ ನಾನು ಬರೆದುಕೊಟ್ಟೆ, ಕಳಿಸಿದ್ದು ಭಾವನೇ. ಅಲ್ಲಿಂದ ಅದು ಹೋಯಿತು. ಬೇರೆ ಬೇರೆ ಪೇಜಿನವರು ಎತ್ತಿ ಹಾಕಿಕೊಂಡ ಪ್ರತಿಗಳನ್ನು ಇನ್ನೂ ಒಂದೊಂದಾಗಿ ಹುಡುಕುತ್ತಿದ್ದೇವೆ.