ಬೋರ್ಡಿಲ್ಲದ ಅಂಗಡಿಯಲ್ಲಿ ಮಾವನ ಗಿಟಾರ್ ರಿಪೇರಿ

ಚಿತ್ರದುರ್ಗದಲ್ಲಿ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಗಿಟಾರ್ ನೋಡಿ, "ಇದಕ್ಕೆ ಲಗೇಜ್ ಹಾಕ್ಲಾ?" ಎಂದರು. ತೊಡೆ ಮೇಲೆ ಇಟ್ಕೊಂಡು ಬರ್ತೀನಿ ಎಂದೆ. ದಾವಣಗೆರೆ ತಲುಪುವವರೆಗೆ, ಸುಮಾರು 60 ಕಿಲೋಮೀಟರ್, ಮಗು ಎತ್ತಿಕೊಂಡ ಹಾಗೆ ಕೂತಿದ್ದೆ.

ಗಿಟಾರ್ ನನ್ನ ಸೋದರಮಾವನದು. ಯಮಹಾ ಎಫ್‌ಜಿ-180. ಒಳಗೆ ಕೆಂಪು ಚೀಟಿ, ಅದರ ಮೇಲೆ ನಿಪ್ಪಾನ್ ಗಕ್ಕಿ ಎಂದು ಕಂಪನಿಯ ಹಳೇ ಹೆಸರು. ಈ ಮಾಡೆಲ್ ಜಪಾನಿನಲ್ಲಿ ಶುರುವಾಗಿದ್ದು 1966ರಲ್ಲಿ. ಮಾವ ಬಾಂಬೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸಿ, ಆಮೇಲೆ ಅಟ್ಟಕ್ಕೆ ಹಾಕಿದ್ದರು. ಇಪ್ಪತ್ತು ವರ್ಷ ಅಲ್ಲೇ ಇತ್ತು.

ಇಳಿಸಿ ನೋಡಿದರೆ ಬ್ರಿಡ್ಜ್, ಅಂದರೆ ಪೆಟ್ಟಿಗೆಯ ಮೇಲೆ ತಂತಿಗಳ ತುದಿ ಹಿಡಿದಿಡುವ ಮರದ ತುಂಡು, ಹಿಂದಿನಿಂದ ಎದ್ದಿತ್ತು, ವಿಸಿಟಿಂಗ್ ಕಾರ್ಡ್ ಸಲೀಸಾಗಿ ಒಳಗೆ ಹೋಗುತ್ತಿತ್ತು. ತಲೆಯ ಬಳಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿ, ಅಂದರೆ ನಟ್, ಸವೆದಿತ್ತು. ತಂತಿ ಬಿಗಿ ಮಾಡುವ ಟ್ಯೂನಿಂಗ್ ಕೀಗಳಲ್ಲಿ ಎರಡು ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಮೂರು ಇಂಚು ಸೀಳು. ದೊಡ್ಡ ಊರಿನ ಒಂದು ಅಂಗಡಿಗೆ ಫೋಟೋ ಕಳಿಸಿದೆ. ಕೀ ಎಲ್ಲ ಹೊಸದು, ಬ್ರಿಡ್ಜ್ ಹೊಸದು, ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಹೊಸದು, ಮೇಲೆ ಫುಲ್ ಪಾಲಿಶ್, ಹದಿನೆಂಟು ಸಾವಿರ ಎಂದರು. ಅಷ್ಟೆಲ್ಲ ಬದಲಾಯಿಸಿದ ಮೇಲೆ ಮಾವನದು ಅಂತ ಉಳಿಯುವುದು ಪೆಟ್ಟಿಗೆ ಮಾತ್ರ, ಅಲ್ವಾ?

ಅದಕ್ಕೇ ಬಂದಿದ್ದು ದಾವಣಗೆರೆ ಚೌಕಿಪೇಟೆಯ ಈ ರಿಪೇರಿ ಅಂಗಡಿಗೆ. ಇದಕ್ಕೆ ಬೋರ್ಡ್ ಇಲ್ಲ. ಬಾಗಿಲಿಗೆ ಹಾರ್ಮೋನಿಯಂನ ಹಳೇ ತಿದಿಯೊಂದನ್ನು ನೇತುಹಾಕಿದ್ದಾರೆ, ಅದೇ ಗುರುತು. ಇಲ್ಲಿ ಮುಖ್ಯ ಕೆಲಸ ಭಜನೆ ಮಂಡಳಿಗಳ ಹಾರ್ಮೋನಿಯಂ. ನಾಟಕ ಕಂಪನಿಯ ಕಾಲಿನ ಹಾರ್ಮೋನಿಯಂ ಕೂಡ ಒಂದು ಮೂಲೆಯಲ್ಲಿ ಬಿಚ್ಚಿ ಬಿದ್ದಿತ್ತು. ಗಿಟಾರ್ ಬರುವುದು ತಿಂಗಳಿಗೆ ಒಂದೋ ಎರಡೋ. ನನಗೆ ಸ್ವಲ್ಪ ಅನುಮಾನವೇ ಇತ್ತು. ಮೇಸ್ತ್ರಿ ಲೇಬಲ್ ನೋಡಿ, "ಬೈಕಿನ ಕಂಪನೀದಾ?" ಎಂದರು. ನಾನು ನನ್ನ ಜ್ಞಾನ ಬಿಚ್ಚಿದೆ. ಯಮಹಾ ಬೈಕಿನ ಮೇಲಿರುವ ಗುರುತು ಶ್ರುತಿ ನೋಡಲು ಬಳಸುವ ಮೂರು ಟ್ಯೂನಿಂಗ್ ಫೋರ್ಕು. ತೊರಾಕುಸು ಯಮಹಾ ಎಂಬಾತ 1887ರಲ್ಲಿ ಹಮಾಮಾತ್ಸು ಊರಿನ ಶಾಲೆಯಲ್ಲಿ ಕೆಟ್ಟ ರೀಡ್ ಆರ್ಗನ್ (ಹಾರ್ಮೋನಿಯಂ ಜಾತಿಯದೇ) ರಿಪೇರಿ ಮಾಡಿದ, ಆಮೇಲೆ ತಾನೇ ಆರ್ಗನ್ ಮಾಡಲು ಕೂತ. ಕಂಪನಿ ಹುಟ್ಟಿದ್ದು ಹಾಗೆ. "ಹಂಗಾದ್ರೆ ನಮ್ಮ ಕಸುಬಿನವನೇ ಬಿಡಿ" ಎಂದು ಗಿಟಾರನ್ನು ಕೈಗೆ ತಗೊಂಡರು.

ಮೊದಲು ಕೀ ವಿಷಯ. ಹೊಸದು ಹಾಕಿಬಿಡಿ, ಸುಮ್ನೆ ಯಾಕೆ ಕಷ್ಟ ಎಂದು ನಾನೇ ಹೇಳಿದೆ. ಬೇಡ ಎಂದರು. ಹೊಸ ಕೀಯ ಸ್ಕ್ರೂ ಹಳೇ ತೂತಿಗೆ ಕೂರುವುದಿಲ್ಲ, ತಲೆಯ ಮರಕ್ಕೆ ಹೊಸ ತೂತು ಹೊಡೆಯಬೇಕು. ಹೊಡೆದ ತೂತನ್ನು ಯಾರೂ ವಾಪಸ್ ತಗೊಳ್ಳೋಕಾಗಲ್ಲ. ಆರೂ ಕೀಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದರು. ಕಪ್ಪು ಗ್ರೀಸು ಟಾರಿನಂತೆ ಬಂತು. ಬ್ರಷ್ಷಿನಲ್ಲಿ ಉಜ್ಜಿ, ಹೊಲಿಗೆ ಮಷೀನಿನ ಎಣ್ಣೆ ಒಂದೊಂದು ಹನಿ. ಐದು ಬೆಣ್ಣೆಯಂತೆ ತಿರುಗುತ್ತಿವೆ. ಉಳಿದ ಒಂದರ ಹಲ್ಲು ಸವೆದಿದೆ, ಸ್ವಲ್ಪ ಜಾರುತ್ತದೆ. ಅದಕ್ಕೆ ಸುತ್ತಿದ ಜಿ ತಂತಿಯನ್ನು ಮೂರು ಹಾಡಿಗೊಮ್ಮೆ ಸರಿ ಮಾಡಿಕೊಳ್ಳುತ್ತೇನೆ.

ನಟ್ ವಿಷಯಕ್ಕೆ ಬಂದಾಗ ಇಬ್ಬರ ವಾದ ತಿರುಗಿತು. ಈಗ ನಾನು ಹಳೇದೇ ಇರಲಿ ಎಂದೆ. ಕಚ್ಚುಗಳು ಆಳವಾಗಿ ತಂತಿ ಮೊದಲ ಫ್ರೆಟ್ಟಿಗೆ ಬಡಿದು ಝರ್ ಎನ್ನುತ್ತಿತ್ತು. ಕಚ್ಚಿಗೆ ಮೂಳೆಪುಡಿ ತುಂಬಿ ಸೂಪರ್ ಗ್ಲೂ ಬಿಟ್ಟು ಮತ್ತೆ ಅರ ಹಾಕಬಹುದು. ಆದರೆ ದಪ್ಪ ತಂತಿ ಅದನ್ನು ಬೇಗ ತಿಂದುಹಾಕುತ್ತದಂತೆ. "ಉಂಗುಷ್ಟ ಹಾಕಿಸಿದ್ರೆ ಚಪ್ಪಲಿ ಬೇರೆಯವರದ್ದಾಗುತ್ತಾ?" ಎಂದರು. ಮೂಳೆಯ ಹೊಸ ನಟ್ ಕೆತ್ತಿ, ಎರಡೇ ಹನಿ ಅಂಟಿನಲ್ಲಿ ಕೂರಿಸಿದರು. ನಾಳೆ ಬೇಡವೆನಿಸಿದರೆ ಮೆಲ್ಲಗೆ ತಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಹಳೇ ನಟ್ಟನ್ನು ಕವರಿನಲ್ಲಿ ಹಾಕಿ ಕೊಟ್ಟರು.

ಜಾಸ್ತಿ ಕಷ್ಟ ಕೊಟ್ಟಿದ್ದು ಬ್ರಿಡ್ಜ್. ಯಾವಾಗಲೋ ಮಾವ ಎರಡು ಟ್ಯೂಬ್ ಕಲಸುವ ಅಂಟು ಹಚ್ಚಿ, ಮೇಲೆ ರುಬ್ಬುಗುಂಡು ಹೇರಿದ್ದರು. ಆ ಅಂಟು ಹಂಗೆಲ್ಲ ಬಿಡುವುದಿಲ್ಲ. ಸುತ್ತ ಒದ್ದೆ ಬಟ್ಟೆ ಇಟ್ಟು, ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಮಾಡಿದ ಲೋಹದ ತುಂಡನ್ನು ಬ್ರಿಡ್ಜಿನ ಮೇಲೆ ಒತ್ತಿ, ತೆಳ್ಳಗಿನ ಬ್ಲೇಡನ್ನು ಕೂದಲೆಳೆಯಷ್ಟೇ ತೂರಿಸುತ್ತಾ ಅರ್ಧ ದಿನ ಕಳೆದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಟಕ್ ಎಂದಾಗ ಬ್ರಿಡ್ಜ್ ಒಡೆದೇ ಹೋಯಿತು ಎಂದುಕೊಂಡೆ. ಇಡಿಯಾಗಿ ಕೈಗೆ ಬಂದಿತ್ತು. ಹಳೇ ಅಂಟನ್ನೆಲ್ಲ ಮರ ಕಾಣುವವರೆಗೆ ಕೆರೆದರು, ಇಲ್ಲದಿದ್ದರೆ ಹೊಸ ಅಂಟು ಹಿಡಿಯುವುದಿಲ್ಲ. ಅವರು ಹಚ್ಚಿದ್ದು ಸರೇಸು. ಹಿಂದೆ ಬಡಗಿಗಳು ಬಿಸಿ ಮಾಡಿ ಹಚ್ಚುತ್ತಿದ್ದರಲ್ಲ, ಅದೇ. ಬಿಸಿ, ತೇವ ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮುಂದೆ ರಿಪೇರಿ ಮಾಡುವವನಿಗೆ ಇಷ್ಟು ಕಷ್ಟ ಇರುವುದಿಲ್ಲ. ನನಗೆ ಕೊಟ್ಟ ಎಚ್ಚರಿಕೆಯೂ ಅದೇ: ಏಪ್ರಿಲ್ ಬಿಸಿಲಲ್ಲಿ ಕಾರೊಳಗೆ ಬಿಡಬೇಡಿ.

ಸೀಳಿಗೆ ಒಳಗಿನಿಂದ ಮರದ ಸಣ್ಣ ಚಕ್ಕೆಗಳನ್ನು ಅಂಟಿಸಿದರು. ಫ್ರೆಟ್‌ಗಳನ್ನು ಕೀಳಲಿಲ್ಲ, ಅರ ಹಾಕಿ ಸಮ ಮಾಡಿ ಮತ್ತೆ ದುಂಡಗೆ ಮಾಡಿದರು. ಪಾಲಿಶ್ ಮಾಡಲು ಒಪ್ಪಲೇ ಇಲ್ಲ. ಮಾವನ ಬೆರಳು ಸವೆಸಿದ ಜಾಗ ಹಾಗೇ ಇದೆ.

ಈಗ ಬೇಸರದ ವಿಷಯ. ಹತ್ತು ದಿನ ಎಂದವರು ಐದು ವಾರ ಮಾಡಿದರು. ಫೋನ್ ಎತ್ತುವುದಿಲ್ಲ. ಬಿಲ್ ಕೊಡುವುದಿಲ್ಲ. ಇನ್ನೊಂದು, ಇದರ ಕುತ್ತಿಗೆ ಮುಂದಕ್ಕೆ ಬಾಗಿದೆ, ಅದನ್ನು ಬಿಚ್ಚಿ ಕೋನ ಸರಿ ಮಾಡಿ ಕೂರಿಸಬೇಕು. "ಅದು ನನ್ನ ಕೈಲಿ ಆಗಲ್ಲ" ಎಂದುಬಿಟ್ಟರು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ 5 ಮಿಲಿಮೀಟರ್ ಎತ್ತರ ಇತ್ತು. ಬ್ರಿಡ್ಜಿನ ಮೇಲೆ ತಂತಿ ಕೂರುವ ಸಣ್ಣ ಪಟ್ಟಿಯನ್ನು, ಅಂದರೆ ಸ್ಯಾಡಲ್ ಅನ್ನು, ತೇಯ್ದು 4ರ ಹತ್ತಿರ ತಂದು ನಿಲ್ಲಿಸಿದರು. ಬ್ರಿಡ್ಜನ್ನೇ ಸ್ವಲ್ಪ ಸೀವಿ ಎಂದರೆ ಕೇಳಲಿಲ್ಲ. ಅದಕ್ಕೆ 11 ನಂಬರಿನ ತೆಳು ತಂತಿ ಹಾಕಿಕೊಂಡಿದ್ದೇನೆ. ಎಫ್ ಕಾರ್ಡ್ ಹಿಡಿದರೆ ಬೆರಳು ಇನ್ನೂ ಉರಿಯುತ್ತದೆ. ಕುತ್ತಿಗೆ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕು.

ಒಟ್ಟು 3,400 ರೂಪಾಯಿ, ಅದರಲ್ಲಿ ನಟ್ಟಿಗೆ 500. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ತಡ ಮಾಡದಿದ್ದರೆ ಐದು ಕೊಡುತ್ತಿದ್ದೆ.

ಹೋಗುವವರು ಹನ್ನೊಂದರ ಮೇಲೆ ಹೋಗಿ. ತಂತಿ ನೀವೇ ತಗೊಂಡು ಹೋಗಿ, ಅವರ ಹತ್ತಿರ ಇರುವುದಿಲ್ಲ. ಕಾಯಬೇಕಾಗಿ ಬಂದರೆ ಬೆಣ್ಣೆ ದೋಸೆ ತಿಂದು ಬನ್ನಿ, ಆದರೆ ಕೈ ಚೆನ್ನಾಗಿ ತೊಳೆದುಕೊಳ್ಳಿ. ಜಿಡ್ಡು ಕೈಯಲ್ಲಿ ಗಿಟಾರ್ ಮುಟ್ಟಿದ್ದಕ್ಕೆ ನಾನು ಬೈಸಿಕೊಂಡಿದ್ದೇನೆ.