ಒತ್ತಕ್ಷರಕ್ಕೆ ಒಗ್ಗಿದ ಕೀಲಿಮಣೆ: ಹಳೆಯ ಥಿಂಕ್‌ಪ್ಯಾಡ್ ಟಿ480 ಬಳಸಿ ಬರೆದ ವಿಮರ್ಶೆ

ಸಂಶೋಧನೆಗೆ ಸೇರುವವರು ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರ್ ಎಷ್ಟನೆಯ ತಲೆಮಾರಿನದು, ಗ್ರಾಫಿಕ್ಸ್ ಯಾವುದು ಎಂದು ಅಳೆದೂ ಸುರಿದೂ ನೋಡುತ್ತಾರೆ. ಮುಂದಿನ ನಾಲ್ಕೈದು ವರ್ಷ ಬೆರಳು ಆಡಬೇಕಾದದ್ದು ಕೀಲಿಮಣೆಯ ಮೇಲೆ, ಕಣ್ಣು ನೆಡಬೇಕಾದದ್ದು ಪರದೆಯ ಮೇಲೆ ಎಂಬುದನ್ನು ಮಾತ್ರ ಅಂಗಡಿಯವರು ಯಾರೂ ನೆನಪಿಸುವುದಿಲ್ಲ. ನಾನು ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವೀರಗಲ್ಲುಗಳು. ಪ್ರಬಂಧ ಬರೆಯುತ್ತಿರುವುದು ಕನ್ನಡದಲ್ಲಿ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ದೊರೆಯುತ್ತಿದೆ. ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತ ಸಂಶೋಧನೆ ನಡೆಸುವ ನನ್ನಂಥವರ ಲೆಕ್ಕಾಚಾರವೇ ಬೇರೆ. ಇಪ್ಪತ್ತೈದು ಸಾವಿರ ದಾಟಬಾರದು, ಪ್ರಬಂಧ ಸಲ್ಲಿಸುವವರೆಗೆ ಬಾಳಬೇಕು, ಕೆಟ್ಟರೆ ಶಿವಮೊಗ್ಗದಲ್ಲೇ ರಿಪೇರಿಯಾಗಬೇಕು ಎಂಬ ಮೂರು ಷರತ್ತುಗಳನ್ನು ಹಾಕಿಕೊಂಡು ಹುಡುಕಿದಾಗ, ಆ ಬೆಲೆಗೆ ಸಿಗುತ್ತಿದ್ದ ಹೊಸ ಯಂತ್ರಗಳ ಪೈಕಿ ಯಾವುದೂ ಮೂರಕ್ಕೂ ಒಪ್ಪಲಿಲ್ಲ. ಹಾಗಾಗಿ ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್ ಟಿ480 ಒಂದನ್ನು ಇಪ್ಪತ್ತೆರಡು ಸಾವಿರಕ್ಕೆ ತರಿಸಿಕೊಂಡೆ.

ಇದು 2018ರ ಮಾದರಿ. ಇದರ ತಾಂತ್ರಿಕ ವಿವರಗಳನ್ನು ಆಸಕ್ತರು ಈಗಾಗಲೇ ನೋಡಿರುತ್ತಾರಾದ್ದರಿಂದ ಅದನ್ನೆಲ್ಲ ಇಲ್ಲಿ ಮತ್ತೆ ಹೇಳುವುದಿಲ್ಲ. ಹಳೆಯ ಥಿಂಕ್‌ಪ್ಯಾಡುಗಳಲ್ಲಿ ಇದನ್ನೇ ಆರಿಸಲು ಇದ್ದ ಕಾರಣಗಳು ಎರಡು. ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದು ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳಿಂದೀಚೆಗೆ; ಇದರ ಹಿಂದಿನ ಟಿ470 ಎರಡು ಮೂರು ಸಾವಿರ ಅಗ್ಗವಾಗಿ ಸಿಕ್ಕರೂ ಆ ಗೆರೆಯ ಆಚೆಗೆ ಉಳಿದುಬಿಡುತ್ತದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಲಿನಕ್ಸ್ ಒಗ್ಗದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡನೆಯದು, ಇದರಲ್ಲಿ ರ‍್ಯಾಮ್ ಹಾಕಲು ಎರಡು ಸ್ಲಾಟ್‌ಗಳಿವೆ. ಹೆಸರಿನಲ್ಲಿ ಒಂದೇ ಅಕ್ಷರ ಹೆಚ್ಚಿರುವ ಟಿ480ಎಸ್ ಮತ್ತು ಅನಂತರ ಬಂದ ಟಿ490 ಮಾದರಿಗಳಲ್ಲಿ ಒಂದಷ್ಟು ರ‍್ಯಾಮನ್ನು ಬೋರ್ಡಿಗೇ ಬೆಸೆದು ಒಂದು ಸ್ಲಾಟ್ ಮಾತ್ರ ಉಳಿಸಿದ್ದಾರೆ. ನಾನು ಎಂಟು ಜಿಬಿಯದನ್ನು ಕೊಂಡು, ಮುಂದೆ ಕೈಯಲ್ಲಿ ಕಾಸು ಆಡಿದಾಗ ಇನ್ನೊಂದು ಎಂಟು ಜಿಬಿ ಸೇರಿಸಿಕೊಂಡೆ. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಿ, ಹೊರಗಿನದನ್ನು ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿದರಾಯಿತು. ಸಡಿಲಿಸಿದ ಸ್ಕ್ರೂಗಳು ಮುಚ್ಚಳದಲ್ಲೇ ಕಚ್ಚಿಕೊಂಡಿರುತ್ತವೆಯಾದ್ದರಿಂದ ನೆಲದ ಮೇಲೆ ಹುಡುಕುವ ಪ್ರಮೇಯವಿಲ್ಲ.

ಇನ್ನು ಕೀಲಿಮಣೆ. ಥಿಂಕ್‌ಪ್ಯಾಡಿನ ಕೀಲಿಮಣೆಯನ್ನು ಹೊಗಳುವ ಮಾತುಗಳನ್ನು ಬೇಕಾದಷ್ಟು ಓದಿದ್ದೆನಾದರೂ ಅವೆಲ್ಲ ಇಂಗ್ಲಿಷಿನಲ್ಲಿ ಬರೆಯುವವರ, ಇಲ್ಲವೇ ಕೋಡ್ ಬರೆಯುವವರ ಮಾತುಗಳು. ಕನ್ನಡ ಬೆರಳಚ್ಚಿಗೆ ಅದು ಹೇಗಿರುತ್ತದೆ ಎಂದು ಯಾರೂ ಹೇಳಿದ್ದನ್ನು ನಾನು ನೋಡಿರಲಿಲ್ಲ. ನಾನು ಬಳಸುವುದು ‘ನುಡಿ’ ತಂತ್ರಾಂಶದ ಕಾಲದಿಂದ ಕೈಗೆ ಹತ್ತಿದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ. ಅದರಲ್ಲಿ ಅರ್ಧಾಕ್ಷರ ಮಾಡಲು, ಅಂದರೆ ಒತ್ತಕ್ಷರ ಮೂಡಿಸಲು, ಎಫ್ ಕೀ ಒತ್ತಬೇಕು. ‘ವೀರಗಲ್ಲು’ ಎಂಬಲ್ಲಿ ಒಂದು ಸಲ, ‘ರಾಷ್ಟ್ರಕೂಟ’ ಎಂಬಲ್ಲಿ ಎರಡು ಸಲ; ಕನ್ನಡದ ಒಂದು ಪುಟ ಮುಗಿಯುವಷ್ಟರಲ್ಲಿ ಎಡಗೈ ತೋರುಬೆರಳು ಮಾಡುವ ದುಡಿಮೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು ಊಹಿಸಲಾರರು. ನನ್ನ ಹಿಂದಿನ ಲ್ಯಾಪ್‌ಟಾಪಿನ ಚಪ್ಪಟೆ ಕೀಗಳ ಮೇಲೆ ಬೆರಳು ತಾಗಿತೋ ಇಲ್ಲವೋ ಎಂಬ ಅನುಮಾನದಲ್ಲೇ ಬರೆಯುತ್ತಿದ್ದೆ. ಒತ್ತು ಬಿಟ್ಟುಹೋಗಿ ‘ಗಲ್ಲು’ ಎಂಬುದು ‘ಗಲಲು’ ಆಗಿ ಕೂರುತ್ತಿತ್ತು. ಇಲ್ಲಿ ಕೀ ಸಾಕಷ್ಟು ಆಳಕ್ಕೆ ಇಳಿಯುತ್ತದೆ, ಇಳಿದದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ಪರದೆ ನೋಡದೆಯೇ ಒತ್ತಕ್ಷರ ಬಿತ್ತೆಂಬ ನಂಬಿಕೆ ಬರುತ್ತದೆ. ಶಾಸನ ಪಾಠಗಳನ್ನು ಪುಸ್ತಕದಿಂದ ನೋಡಿ ನಕಲು ಮಾಡುವಾಗ ಕಣ್ಣು ಪುಸ್ತಕದ ಮೇಲೇ ಇರಬೇಕಾಗುತ್ತದೆ. ಈ ಕೀಲಿಮಣೆಗೆ ನಾನು ಮನಸೋತದ್ದು ಆಗ. ಯಂತ್ರ ಕೈಗೆ ಬಂದಾಗ ಹಿಂದಿನ ಒಡೆಯರ ಬೆರಳು ತಾಗಿ ಇ, ಎ ಕೀಗಳು ಮತ್ತು ಸ್ಪೇಸ್ ಬಾರ್ ಮಿರಮಿರ ಮಿನುಗುತ್ತಿದ್ದವು. ಈಗ ಎಫ್ ಕೀ ಅವುಗಳನ್ನು ಮೀರಿಸಿ ಹೊಳೆಯುತ್ತಿದೆ, ಅದರ ಮೇಲಿನ ಅಕ್ಷರದ ಅಡ್ಡಗೆರೆಯೂ ಸವೆಯತೊಡಗಿದೆ. ನಡುವಿನ ಕೆಂಪು ಗುಂಡಿಯನ್ನು ಮೌಸಿನಂತೆ ಬಳಸುವ ರೂಢಿ ನನಗೆ ಇನ್ನೂ ಆಗಿಲ್ಲ. ಆಗಬೇಕೆಂಬ ಹಟವೂ ಇಲ್ಲ.

ಎರಡನೆಯ ಸಂತೋಷ ಕ್ಷೇತ್ರಕಾರ್ಯದ ದಿನಗಳದು. ಊರೂರು ಸುತ್ತಿ, ಗದ್ದೆಯ ಬದುಗಳಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂಬದಿಯಲ್ಲಿ ನಿಂತ ಕಲ್ಲುಗಳ ಫೋಟೋ ತೆಗೆದು ಸಂಜೆ ಉಳಿದುಕೊಂಡ ಮನೆಗೆ ಮರಳಿದ ಮೇಲೆ ಮಾಡುವ ಕೆಲಸಕ್ಕೆ ಒಂದು ಕ್ರಮ ಬಿದ್ದಿದೆ. ಕ್ಯಾಮೆರಾದಿಂದ ಎಸ್‌ಡಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿನ ಬಲಬದಿಯ ಸ್ಲಾಟಿಗೆ ನೇರವಾಗಿ ತೂರಿಸುತ್ತೇನೆ. ಈಚಿನ ತೆಳು ಯಂತ್ರಗಳಲ್ಲಿ ಈ ಸ್ಲಾಟನ್ನೇ ಕೈಬಿಟ್ಟಿರುವುದರಿಂದ ನನ್ನ ಸಹಸಂಶೋಧಕರು ಅದಕ್ಕೆಂದು ಬೇರೊಂದು ಅಡಾಪ್ಟರನ್ನು ಚೀಲದಲ್ಲಿ ಹೊತ್ತು ತಿರುಗುತ್ತಾರೆ, ಬೇಕಾದ ಹೊತ್ತಿಗೆ ಅದು ಅವರಿಗೆ ಸಿಗುವುದಿಲ್ಲ. ಫೋಟೋಗಳು ನಕಲಾಗುತ್ತಿರುವಾಗ ಊರಿನ ಹೆಸರು, ಕಲ್ಲಿನ ಎತ್ತರ, ಕೆತ್ತನೆಯ ಪಟ್ಟಿಕೆಗಳ ಸಂಖ್ಯೆ, ದಾರಿ ತೋರಿಸಿದ ಹಿರಿಯರು ಹೇಳಿದ ಕಥೆ ಇವನ್ನು ನೋಟ್‌ಬುಕ್ಕಿನಿಂದ ಕಡತಕ್ಕೆ ಇಳಿಸುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಈ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ.

ಟಿ480ಯಲ್ಲಿ ಎರಡು ಬ್ಯಾಟರಿಗಳಿವೆ: ಒಳಗೆ 24 ವ್ಯಾಟ್-ಅವರ್‌ನದೊಂದು, ಹಿಂಭಾಗದಲ್ಲಿ ಕೈಯಿಂದಲೇ ಕಳಚಬಹುದಾದ ಇನ್ನೊಂದು. ಮೊದಲು ಖಾಲಿಯಾಗುವುದು ಹಿಂಭಾಗದ್ದು. ಅದು ತಳ ಮುಟ್ಟಿದಾಗ ಯಂತ್ರವನ್ನು ಆರಿಸದೆ, ಕಡತವನ್ನೂ ಮುಚ್ಚದೆ, ಕೆಳಗಿನ ಎರಡು ಚಿಲಕಗಳನ್ನು ಸರಿಸಿ ಹಳೆಯದನ್ನು ತೆಗೆದು, ಚೀಲದಲ್ಲಿರುವ ತುಂಬಿದ ಬ್ಯಾಟರಿಯನ್ನು ಕೂರಿಸುತ್ತೇನೆ; ಆ ಕೆಲವು ಗಳಿಗೆ ಒಳಗಿನ ಬ್ಯಾಟರಿ ಯಂತ್ರವನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೊದಲ ಸಲ ಮಾಡುವಾಗ ಕೈ ನಡುಗಿತ್ತು. ಈಗ ಬರೆಯುತ್ತಿದ್ದ ವಾಕ್ಯ ಅರ್ಧಕ್ಕಿದ್ದರೂ ಬದಲಾಯಿಸುತ್ತೇನೆ. ಹೆಚ್ಚುವರಿ ಬ್ಯಾಟರಿಯಾಗಿ ನಾನು ಕೊಂಡದ್ದು 72 ವ್ಯಾಟ್-ಅವರ್‌ನ ದೊಡ್ಡದನ್ನು, ಅದೂ ಮೂಲ ತಯಾರಕರದ್ದಲ್ಲ, ಬೇರೆ ಯಾರೋ ಮಾಡಿದ್ದು. ಅದು ತೋರಿಸುವ ಶೇಕಡಾವಾರು ಲೆಕ್ಕವನ್ನು ನಂಬುವಂತಿಲ್ಲ: ಇಪ್ಪತ್ತೈದು ಎಂದು ತೋರಿಸುತ್ತಿದ್ದುದು ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಗೆ ಬೀಳುತ್ತದೆ. ಬೇರೆ ಲ್ಯಾಪ್‌ಟಾಪ್ ಆಗಿದ್ದರೆ ಬರೆದದ್ದೆಲ್ಲ ನೀರುಪಾಲಾಗುತ್ತಿತ್ತು; ಇಲ್ಲಿ ಒಳಗಿನ ಬ್ಯಾಟರಿ ಕಾಯುತ್ತದೆ. ದೊಡ್ಡ ಬ್ಯಾಟರಿ ಕೆಳಕ್ಕೆ ಉಬ್ಬಿಕೊಂಡಿರುವುದರಿಂದ ಯಂತ್ರ ತುಸು ಮುಂದಕ್ಕೆ ಬಾಗುತ್ತದೆ; ಮೇಜಿನ ಮೇಲೆ ಅದು ಬೆರಳಿಗೆ ಹಿತವೇ, ತೊಡೆಯ ಮೇಲೆ ಮಾತ್ರ ಒತ್ತುತ್ತದೆ. ಹಾಸ್ಟೆಲಿನಲ್ಲಿ ಚಾರ್ಜರಿಗೆ ಸಿಕ್ಕಿಸಿಯೇ ಬಳಸುವ ದಿನಗಳಲ್ಲಿ ಎರಡೂ ಬ್ಯಾಟರಿಗಳು ಶೇಕಡಾ 80ಕ್ಕೆ ನಿಲ್ಲುವಂತೆ ಹೊಂದಿಸಿಟ್ಟಿದ್ದೇನೆ. ಚಾರ್ಜಿಂಗ್ ಟೈಪ್-ಸಿ ಮೂಲಕವಾದ್ದರಿಂದ 65 ವ್ಯಾಟ್‌ನ ಒಂದೇ ಚಾರ್ಜರ್ ಫೋನಿಗೂ ಇದಕ್ಕೂ ಸಾಕಾಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಪರದೆಯ ಕಥೆಯನ್ನು ಹೇಳಲೇಬೇಕು, ಏಕೆಂದರೆ ಮೊದಲ ಕೆಲವು ತಿಂಗಳು ಈ ಯಂತ್ರವನ್ನು ವಾಪಸು ಕೊಟ್ಟುಬಿಡೋಣ ಎನ್ನಿಸುವಷ್ಟು ಬೇಸರ ತಂದದ್ದು ಅದೇ. ಅಂಗಡಿಯವರ ಜಾಹೀರಾತಿನಲ್ಲಿಯೂ ಬಿಲ್ಲಿನಲ್ಲಿಯೂ ಫುಲ್ ಎಚ್‌ಡಿ (1920×1080) ಎಂದೇ ಇತ್ತು. ಕೊರಿಯರಿನಲ್ಲಿ ಬಂದದ್ದು 1366×768ರ ಅಗ್ಗದ ಪರದೆ. ಅಕ್ಷರ ಎದ್ದು ಕಾಣದಿದ್ದರೂ ಅದರ ನೆರಳು ಕಾಣುವಂಥ ಪರದೆ. ತಲೆ ಅರ್ಧ ಗೇಣು ಆಚೀಚೆ ಸರಿದರೂ ಬಣ್ಣ ಮಾಸುತ್ತಿತ್ತು. ಕೆಳಬದಿಯ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿದರೆ ಕಾರ್ಖಾನೆಯಿಂದ ಹೊರಟಾಗ ಇದಕ್ಕೆ ಇದ್ದದ್ದು ಫುಲ್ ಎಚ್‌ಡಿ ಪರದೆಯೇ. ನಡುವೆ ಎಲ್ಲೋ ಅದನ್ನು ಬಿಚ್ಚಿ ಬೇರೆ ಯಾವುದಕ್ಕೋ ಹಾಕಿಕೊಂಡು, ಇದಕ್ಕೆ ಅಗ್ಗದ್ದನ್ನು ಅಂಟಿಸಿದ್ದರು. ಫೋನ್ ಮಾಡಿ ಕೇಳಿದ್ದಕ್ಕೆ ‘ಪರದೆಗೆ ವಾರಂಟಿ ಬರಲ್ಲ ಮೇಡಂ, ಓದೋದು ಬರೆಯೋದಕ್ಕೆ ಇದೇ ಧಾರಾಳ ಆಯ್ತು’ ಎಂಬ ಉತ್ತರ ಬಂತು.

ಓದಲು ಬರೆಯಲು ಇದು ಧಾರಾಳವೇ ಎಂಬುದೇ ಪ್ರಶ್ನೆ. ನನ್ನ ದಿನದ ಓದು ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳದು. ಬಿ.ಎಲ್. ರೈಸ್ ಅವರು 1902ರಲ್ಲಿ ಮತ್ತು 1904ರಲ್ಲಿ ಹೊರತಂದ, ಆಗಿನ ಶಿವಮೊಗ್ಗ ಜಿಲ್ಲೆಯ ಶಾಸನಗಳಿರುವ ಈ ಸಂಪುಟಗಳನ್ನು ಸ್ಕ್ಯಾನ್ ಮಾಡಿದ ಪ್ರತಿಗಳಲ್ಲಿ ಮುದ್ರಣದ ಶಾಯಿ ಕೆಲವೆಡೆ ಹರಡಿದೆ, ಕೆಲವೆಡೆ ಹಾರಿಹೋಗಿದೆ. ಕನ್ನಡ ಲಿಪಿಯಲ್ಲಿ ಅರ್ಥವನ್ನು ಬದಲಿಸುವ ಗುರುತುಗಳಲ್ಲಿ ಹಲವು ಅಕ್ಷರದ ಅಂಚಿನಲ್ಲಿರುತ್ತವೆ: ತಲೆಕಟ್ಟಿನ ಗುಡಿಸು, ಪಕ್ಕದ ಕೊಂಬು, ಅಡಿಯ ಒತ್ತು. ಕಡಿಮೆ ಸ್ಪಷ್ಟತೆಯ ಪರದೆ ಮೊದಲು ನುಂಗುವುದು ಇವನ್ನೇ. ಪ ಮತ್ತು ಷ ಒಂದೇ ಆಗಿ ಕಾಣುತ್ತಿದ್ದವು, ತಕಾರದ ಒತ್ತೋ ನಕಾರದ ಒತ್ತೋ ಎಂದು ನೋಡಲು ಪ್ರತಿ ಸಾಲನ್ನೂ ಹಿಗ್ಗಿಸಬೇಕಾಗುತ್ತಿತ್ತು; ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯ ಆಚೆ ಹೋಗುತ್ತಿತ್ತು. ಒಂದು ಬದಿಗೆ ಶಾಸನ ಪಾಠ, ಇನ್ನೊಂದು ಬದಿಗೆ ನನ್ನ ಕರಡು ಎಂದು ಎರಡು ಕಿಟಕಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವುದಂತೂ ಕನಸಿನ ಮಾತು. ಸಂಜೆಯ ವೇಳೆಗೆ ಹುಬ್ಬಿನ ನಡುವೆ ನೋವು ಖಾಯಂ ಆಗಿ ನೆಲೆಸಿತ್ತು.

ಕೊನೆಗೆ ಶಿವಮೊಗ್ಗದ ರಿಪೇರಿಯವರೊಬ್ಬರ ಬಳಿ ಕೇಳಿದಾಗ ಅವರು ಯಂತ್ರವನ್ನು ತಿರುಗಿಸಿ ನೋಡಿ, ‘ಇದಕ್ಕಾ? ಅರ್ಧ ಗಂಟೆ ಕೆಲಸ’ ಎಂದರು. ಈ ಮಾದರಿಯಲ್ಲಿ ಸ್ಪರ್ಶ ಸೌಲಭ್ಯವಿಲ್ಲದ ಸಾಮಾನ್ಯ ಪರದೆಗಳಿಗೂ ಯಾವ ಕೋನದಿಂದ ನೋಡಿದರೂ ಬಣ್ಣ ಮಾಸದ ಫುಲ್ ಎಚ್‌ಡಿ ಐಪಿಎಸ್ ಪರದೆಗಳಿಗೂ ಇರುವುದು ಒಂದೇ ಬಗೆಯ ಮೂವತ್ತು ಪಿನ್ನಿನ ಕೇಬಲ್. ಆದ್ದರಿಂದ ಬೇರೇನನ್ನೂ ಬದಲಿಸದೆ ಪರದೆಯೊಂದನ್ನೇ ಬದಲಿಸಬಹುದು. ಅದಕ್ಕಿಂತ ಮೇಲಿನ, 2560×1440ರ ಪರದೆ ಬೇಕೆಂದರೆ ಮಾತ್ರ ಕೇಬಲನ್ನೂ ಬದಲಿಸಬೇಕು. ತರಿಸಿದ ಪರದೆ ಮತ್ತು ಕೂಲಿ ಸೇರಿ ಐದು ಸಾವಿರದ ಮೇಲೆ ಖರ್ಚಾಯಿತು. ಇಪ್ಪತ್ತೈದು ಸಾವಿರದ ಗೆರೆ ದಾಟಿತು, ಅಂಗಡಿಯವರ ಮೇಲಿನ ಸಿಟ್ಟು ಇಳಿದಿಲ್ಲ, ಆದರೆ ಯಂತ್ರದ ಮೇಲಿನ ಸಿಟ್ಟು ಆ ದಿನವೇ ಇಳಿಯಿತು. ಮನೆಗೆ ಬಂದು ಏಳನೆಯ ಸಂಪುಟವನ್ನು ತೆರೆದಾಗ ಒಂದು ಇಡೀ ಪುಟ, ಹಿಗ್ಗಿಸದೆ, ಅಡಿಯ ಒತ್ತುಗಳ ಸಮೇತ ಓದಲು ಬರುವಂತೆ ಕಂಡಿತು. ಹೊಸ ತೆಳು ಲ್ಯಾಪ್‌ಟಾಪ್ ಆಗಿದ್ದರೆ ಇಂಥ ಬದಲಾವಣೆಯನ್ನು ಜಿಲ್ಲಾ ಕೇಂದ್ರದಲ್ಲಿ ಇಷ್ಟು ಸಲೀಸಾಗಿ ಮಾಡಿಸಿಕೊಳ್ಳಲು ಆಗುತ್ತಿತ್ತೇ ಎಂಬುದು ಅನುಮಾನ.

ಈಗ ಇದೇ ಮಾದರಿ ಕೊಳ್ಳಲು ಹೊರಟವರಿಗೆ ಕೆಲವು ಮಾತು. ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್‌ಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಎಷ್ಟೇ ಅಗ್ಗವಾದರೂ ಬೇಡ, ಅದನ್ನು ತೆಗೆಯುವುದು ಸುಲಭವಲ್ಲ. ವಿಂಡೋಸನ್ನು ಹೊಸದಾಗಿ ಹಾಕಿ ಇಂಟರ್‌ನೆಟ್ಟಿಗೆ ಜೋಡಿಸಿದಾಗ ಯಾವುದೋ ಕಂಪನಿಯ ಲಾಗಿನ್ ಪುಟ ಬಂದರೆ, ಹಿಂದಿನ ಕಂಪನಿ ತನ್ನ ದಾಖಲೆಯಿಂದ ಅದನ್ನು ಇನ್ನೂ ಬಿಡುಗಡೆ ಮಾಡಿಲ್ಲವೆಂದೇ ಅರ್ಥ. ಟೈಪ್-ಸಿ ಕಿಂಡಿಯನ್ನು ನಡೆಸುವ ಒಳ ತಂತ್ರಾಂಶ, ಅಂದರೆ ಥಂಡರ್‌ಬೋಲ್ಟ್ ಫರ್ಮ್‌ವೇರ್, ಹಳೆಯದಾಗಿದ್ದರೆ ಆ ಕಿಂಡಿ ಕೈಕೊಡುವ ಸಾಧ್ಯತೆಯಿದೆಯೆಂದು ತಯಾರಕರೇ ಈ ಕಾಲದ ಹಲವು ಮಾದರಿಗಳಿಗೆ ಪರಿಷ್ಕರಣೆ ಬಿಡುಗಡೆ ಮಾಡಿದ್ದಾರೆ; ಕೊಂಡ ದಿನವೇ ಅದನ್ನು ಹಾಕಿಕೊಳ್ಳಿ. ವಿಂಡೋಸ್‌ನಲ್ಲೇ ಸಿಗುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡೂ ಇರುತ್ತವೆ, ಅಂಗಡಿಯವರ ಮಾತಿಗಿಂತ ಅದನ್ನು ನಂಬುವುದು ಮೇಲು. ಪರದೆಯ ರೆಸಲ್ಯೂಷನ್ ಎಷ್ಟೆಂದು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ತೋರಿಸಿ ವಿಡಿಯೋ ಕಳಿಸುವಂತೆ ದುಡ್ಡು ಕೊಡುವ ಮೊದಲೇ ಕೇಳಿ. ಕೊಡಲು ಹಿಂದೇಟು ಹಾಕಿದರೆ ಬೇರೆ ಅಂಗಡಿ ನೋಡಿ. ಈ ಮಾದರಿಗೆ ಮಾರುಕಟ್ಟೆಯಲ್ಲಿ ಬರವಿಲ್ಲ.

ವೇಗದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಲಿಬ್ರೆ ಆಫೀಸಿನಲ್ಲಿ ಯುನಿಕೋಡ್ ಕನ್ನಡದ ದೀರ್ಘ ಅಧ್ಯಾಯ, ಜೊಟೆರೊದಲ್ಲಿ ಆಕರಗಳ ಭಂಡಾರ, ಬ್ರೌಸರಿನಲ್ಲಿ ಶೋಧಗಂಗಾದಿಂದ ಇಳಿಸಿದ ಬೇರೆಯವರ ಪ್ರಬಂಧಗಳು, ಇಷ್ಟೂ ಒಟ್ಟಿಗೆ ತೆರೆದಿದ್ದರೂ ತಡವರಿಸುವುದಿಲ್ಲ. ಸ್ಕ್ಯಾನ್ ಪುಟಗಳನ್ನು ಟೆಸೆರಾಕ್ಟ್ ಮೂಲಕ ಕನ್ನಡ ಪಠ್ಯವಾಗಿಸುವಾಗ ಫ್ಯಾನು ಜೋರಾಗಿ ಸುತ್ತುತ್ತದೆ. ಆಗ ನಾನು ಚಹಾ ಕುಡಿಯಲು ಎದ್ದುಹೋಗುತ್ತೇನೆ. ದೊಡ್ಡ ಬ್ಯಾಟರಿ ಹಾಕಿದರೆ ಚೀಲ ಭಾರವೇ, ಬಸ್ಸಿನಲ್ಲಿ ನಿಂತು ಹೋಗುವ ದಿನ ಅದು ಹೆಗಲಿಗೆ ತಿಳಿಯುತ್ತದೆ. ಉಪಗ್ರಹ ಚಿತ್ರಗಳ ವಿಶ್ಲೇಷಣೆ, ಮೂರು ಆಯಾಮದ ಮಾದರಿ ತಯಾರಿ, ಯಂತ್ರ ಕಲಿಕೆ ಇಂಥವನ್ನು ಮಾಡುವವರಿಗೆ ಇದರ ಗ್ರಾಫಿಕ್ಸ್ ಏನೇನೂ ಸಾಲದು. ನಮ್ಮದೇ ವಿಭಾಗದಲ್ಲಿ ದೇವಾಲಯಗಳ ಮೂರು ಆಯಾಮದ ದಾಖಲಾತಿ ಮಾಡುತ್ತಿರುವ ಗೆಳತಿಗೆ ಇದನ್ನು ಕೊಳ್ಳಬೇಡ ಎಂದು ನಾನೇ ಹೇಳಿ, ಪ್ರತ್ಯೇಕ ಗ್ರಾಫಿಕ್ಸ್ ಇರುವ ಹೊಸ ಯಂತ್ರವನ್ನು ಕಂತಿನಲ್ಲಿ ಕೊಡಿಸಿದೆ. ಬರೆಯುವುದೇ ಕೆಲಸವಾಗಿರುವ, ಅದರಲ್ಲೂ ಕನ್ನಡದಲ್ಲಿ ಬರೆಯುವ ಕಿರಿಯ ಸಂಶೋಧಕರು ಕೇಳಿದರೆ, ಬೆಲೆಗೆ ಐದು ಸಾವಿರ ಪರದೆಯ ಬಾಬ್ತು ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ ಎಂದು ಹೇಳಿ, ಅವರನ್ನು ನನ್ನ ಮೇಜಿನ ಬಳಿ ಕೂರಿಸಿ ಅರ್ಧ ಪುಟ ಟೈಪು ಮಾಡಿ ನೋಡಲು ಬಿಡುತ್ತೇನೆ.