ವಿಂಚೆಸ್ಟರ್ 94, ಮಾರ್ಲಿನ್ 336, ಸ್ಯಾವೇಜ್ 99: ಜಿಂಕೆ ಬೇಟೆಗೆ ಯಾವ ಹಳೆ ರೈಫಲ್?

ಪೆನ್ಸಿಲ್ವೇನಿಯಾದ ಉತ್ತರದ ಬೆಟ್ಟಗಳಲ್ಲಿ ಜಿಂಕೆ ಬೇಟೆ ಅಂದರೆ ಬಹುಪಾಲು ನಡೆಯುವುದು, ಕಾಯುವುದು. ಕೋವಿ ದಿನವಿಡೀ ಕೈಯಲ್ಲಿರುತ್ತದೆ. ಈಡು ಹಾರುವುದು ಒಂದೋ, ಅದೂ ಇಲ್ಲವೋ. ಹಾಗಾಗಿ ನಾನು ರೈಫಲ್ ಹೇಗಿದೆ ಅಂತ ನೋಡುವಾಗ ಗುರಿಹಲಗೆಯ ಲೆಕ್ಕಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ಏರು ಹತ್ತುವಾಗ ಕೈಗೆ ಭಾರವಾಗುತ್ತದಾ? ಚಳಿಯಲ್ಲಿ ಕೈಗವಸು ಹಾಕಿಕೊಂಡೇ ತೋಟಾ ತುಂಬಬಹುದಾ? ಹಳುವಿನಿಂದ ಜಿಂಕೆ ದಿಢೀರನೆ ಹೊರಬಂದರೆ ಎಷ್ಟು ಬೇಗ ಭುಜಕ್ಕೆ ಕೂರುತ್ತದೆ? ಸಂಜೆ ಕಾರಿನ ಹತ್ತಿರ ಖಾಲಿ ಮಾಡುವುದು ಸುಲಭವಾ? ನನಗೆ ಮುಖ್ಯವಾದವು ಇವು.

ನನ್ನ ಸ್ವಂತದ್ದು ಮಾರ್ಲಿನ್ 336. ಉಳಿದವು ಬೇಟೆ ಕ್ಯಾಂಪಿನ ಗೆಳೆಯರವು. ಬೇರೆ ಬೇರೆ ಸೀಸನ್ನುಗಳಲ್ಲಿ ಅವರಿಂದ ಕೇಳಿ ಪಡೆದು, ಹೊತ್ತು ನಡೆದು, ಹೊಡೆದು ನೋಡಿದ್ದೇನೆ. ಇದೆಲ್ಲ ಅಮೆರಿಕದ ಮಾತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಹೊಡೆಯುವುದು ಅಪರಾಧ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವ ಮುಖ್ಯ ದಾರಿಯೇ ಲೈಸೆನ್ಸ್ ಪಡೆದ ಬೇಟೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುತ್ತಿದ್ದಂತೆ ರೈಫಲ್ ಸೀಸನ್ ಶುರು. ಮೊದಲೆಲ್ಲ ಹಬ್ಬದ ನಂತರದ ಸೋಮವಾರ ಶುರುವಾಗುತ್ತಿತ್ತು, ಎಷ್ಟೋ ಶಾಲೆಗಳಿಗೆ ಅವತ್ತು ರಜೆ ಇರುತ್ತಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ತಂದರು. ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಬಣ್ಣ ಕಾಣಬೇಕು ಅನ್ನುವುದು ಕಾನೂನು.

ಕಾಡು ಎಂಥದ್ದು ಅನ್ನುವುದೂ ಈ ಹೋಲಿಕೆಗೆ ಬೇಕು. ಓಕ್, ಬೀಚ್, ಹೆಮ್ಲಾಕ್ ಮರಗಳು, ಅವುಗಳ ಕೆಳಗೆ ದಟ್ಟವಾದ ಲಾರೆಲ್ ಪೊದೆ. ನೂರು ಗಜಕ್ಕಿಂತ ಆಚೆ ಕಣ್ಣು ಹೋಗುವ ಜಾಗ ಕಡಿಮೆ. ಹಳೆಯ ಲಿವರ್ ರೈಫಲ್‌ಗಳು, ಅಂದರೆ ಹಿಡಿಯ ಕೆಳಗಿನ ಸನ್ನೆ ಎಳೆದು ಮುಂದಿನ ತೋಟಾ ತುಂಬುವಂಥವು, ಇಂಥ ಕಡೆ ಇವತ್ತಿಗೂ ಉಳಿದಿರುವುದಕ್ಕೆ ಇದು ದೊಡ್ಡ ಕಾರಣ.

ಮೊದಲು ವಿಂಚೆಸ್ಟರ್ 94. ಯೂಟಾದ ಜಾನ್ ಬ್ರೌನಿಂಗ್ ರೂಪಿಸಿದ ಕೋವಿ, ಹೊರಬಂದದ್ದು 1894ರಲ್ಲಿ. ಮರುವರ್ಷ ಇದಕ್ಕೆ 30-30 ತೋಟಾ ಬಂತು. ಹೊಗೆ ಬಾರದ ಮದ್ದಿಗೆಂದೇ ಅಮೆರಿಕದಲ್ಲಿ ಮಾಡಿದ ಮೊದಲ ಬೇಟೆ ತೋಟಾ ಅದು. ಎಲ್ಲ ಸೇರಿ 70 ಲಕ್ಷಕ್ಕೂ ಹೆಚ್ಚು 94ಗಳು ತಯಾರಾಗಿವೆ. ಈ ಊರುಗಳಲ್ಲಿ ಯಾರ ಮನೆಯ ಬೀರು ತೆಗೆದರೂ ಒಂದು ಸಿಕ್ಕೀತು ಅನ್ನಿಸುವಷ್ಟು ಸಾಮಾನ್ಯ.

ಹಿಡಿದು ನಡೆದರೆ ಕಾರಣ ಗೊತ್ತಾಗುತ್ತದೆ. ಸುಮಾರು ಆರೂವರೆ ಪೌಂಡ್ ತೂಕ. ಮೈ ಚಪ್ಪಟೆ, ತೆಳು. ಲಿವರಿನ ಮುಂದೆ ಬೆರಳು ಸುತ್ತಿ ಹಿಡಿದರೆ ಇಡೀ ಕೋವಿ ಒಂದೇ ಕೈಯಲ್ಲಿ ಸಮ ತೂಗುತ್ತದೆ. ಪೊದೆಯೊಳಗೆ ನುಸುಳುವಾಗ ಯಾವ ಕೊಂಬೆಗೂ ಸಿಕ್ಕಿಕೊಳ್ಳುವುದಿಲ್ಲ. ಹೊತ್ತು ನಡೆಯುವುದೊಂದೇ ಲೆಕ್ಕವಾದರೆ ಉಳಿದ ಯಾವುದೂ ಇದರ ಹತ್ತಿರ ಬರುವುದಿಲ್ಲ.

ಆದರೆ ಹಳೆಯ 94ರಲ್ಲಿ ಖಾಲಿ ತೋಟಾ ನೇರ ಮೇಲಕ್ಕೆ ಹಾರುತ್ತದೆ. ಹಾಗಾಗಿ ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಅದರ ಸರಿಯಾದ ಜಾಗದಲ್ಲಿ ಕೂರಿಸಲು ಆಗುವುದಿಲ್ಲ. ಇಪ್ಪತ್ತೈದರ ವಯಸ್ಸಿನ ಕಣ್ಣಿಗೆ ಗುರಿ ಹಿಡಿಯಲು ಕೋವಿಯ ಮೇಲಿರುವ ಕಬ್ಬಿಣದ ಸೈಟು ಸಾಕು. ಐವತ್ತು ದಾಟಿದ ಮೇಲೆ ಬೆಳಗಿನ ಮಬ್ಬಿನಲ್ಲಿ ಹಿಂದಿನ ಸೈಟು, ಮುಂದಿನ ಸೈಟು, ಜಿಂಕೆ ಮೂರೂ ಒಟ್ಟಿಗೆ ಚೂಪಾಗಿ ಕಾಣುವುದೇ ಕಷ್ಟ. 1980ರ ದಶಕದಲ್ಲಿ ಇದನ್ನು ತಿದ್ದಿ, ಖಾಲಿ ತೋಟಾ ಓರೆಯಾಗಿ ಹೊರಬೀಳುವಂತೆ ಮಾಡಿದರು. ಆದರೂ ಹಳಬರು ಹುಡುಕುವುದು 1964ಕ್ಕಿಂತ ಮುಂಚಿನ ಕೋವಿಯನ್ನೇ. ಆ ವರ್ಷ ಖರ್ಚು ಇಳಿಸಲು ತಯಾರಿಕೆಯ ಕ್ರಮವನ್ನೇ ಬದಲಿಸಿದರು. ತೋಟಾ ಮೇಲೆತ್ತುವ ಭಾಗವನ್ನು ಗಟ್ಟಿ ಉಕ್ಕಿನ ಬದಲು ಅಚ್ಚೊತ್ತಿದ ತಗಡಿನಲ್ಲಿ ಮಾಡಿದರು. ಎರಡು ಕಾಲದ ಕೋವಿಗಳ ಲಿವರನ್ನೂ ಒಂದಾದ ಮೇಲೊಂದು ಎಳೆದು ನೋಡಿ. ಹಳೆಯದು ನಯವಾಗಿ ಹೋಗಿ ಕೂರುತ್ತದೆ, ಹೊಸದು ಸ್ವಲ್ಪ ಗಲಗಲ ಅನ್ನುತ್ತದೆ. ಹಳೆಯದಕ್ಕೆ ಜನ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ಅಲ್ಲ.

ಮಾರ್ಲಿನ್ 336 ಬಂದದ್ದು 1948ರಲ್ಲಿ. ಅದೇ 30-30 ತೋಟಾ, ಅದೇ ಇಪ್ಪತ್ತು ಅಂಗುಲದ ನಳಿಗೆ, ನಳಿಗೆಯ ಕೆಳಗೆ ತೋಟಾ ತುಂಬಿಡುವ ಅದೇ ತರಹದ ಕೊಳವೆ ಮ್ಯಾಗಜಿನ್. ತೂಕ ಮಾತ್ರ ಅರ್ಧ ಪೌಂಡಿನಷ್ಟು ಹೆಚ್ಚು. ಹೊಟ್ಟೆಯೂ ಸ್ವಲ್ಪ ದಪ್ಪ. ಬೆಳಿಗ್ಗೆ ಆ ಅರ್ಧ ಪೌಂಡ್ ಗೊತ್ತೇ ಆಗುವುದಿಲ್ಲ, ಸಂಜೆ ಗೊತ್ತಾಗುತ್ತದೆ. ಆದರೆ ಇದರ ಮೈಯ ಮೇಲ್ಭಾಗ ಮುಚ್ಚಿದೆ, ಖಾಲಿ ತೋಟಾ ಬಲಕ್ಕೆ ಹಾರುತ್ತದೆ. ಸ್ಕೋಪ್ ನೇರ ಕೂರುತ್ತದೆ. ಕೊಳೆಯೂ ಮಂಜೂ ಒಳಗೆ ಬೀಳುವುದು ಕಡಿಮೆ.

ನಾನು ಮಾರ್ಲಿನ್ ಕೊಂಡದ್ದಕ್ಕೆ ಇನ್ನೊಂದು ಕಾರಣ ಶುಚಿ ಮಾಡುವ ಕೆಲಸ. ಒಂದು ತಿರುಪು ಬಿಚ್ಚಿದರೆ ಲಿವರ್ ಕೈಗೆ ಬರುತ್ತದೆ. ಅದರ ಹಿಂದೆಯೇ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು, ಜಾರಿ ಬರುತ್ತದೆ. ನಳಿಗೆಯನ್ನು ಹಿಂದಿನಿಂದಲೇ ಉಜ್ಜಬಹುದು. 94ರಲ್ಲಿ ಬಾಯಿಯ ಕಡೆಯಿಂದ ಸರಳು ತೂರಿಸಬೇಕು, ಅಲ್ಲಿ ಸವೆದರೆ ಗುರಿಯೇ ಕೆಡುತ್ತದೆ. ಇಡೀ ದಿನ ಹಿಮಮಳೆಯಲ್ಲಿ ನೆನೆದು ಕ್ಯಾಂಪಿಗೆ ಬಂದಾಗ ಮಾರ್ಲಿನ್‌ನ ಈ ಗುಣ ಬಹಳ ದೊಡ್ಡದು. ಭುಜಕ್ಕೆ ಬೀಳುವ ಒದೆಯೂ ಸ್ವಲ್ಪ ಮೆತ್ತಗೆ. ಬೇಟೆ ಕಲಿಯುವ ಹುಡುಗ ಹುಡುಗಿಯರ ಕೈಗೆ ನಾನು ಕೊಡುವುದು ಇದನ್ನೇ.

ಇವೆರಡಕ್ಕೂ ಒಂದು ಮಿತಿ ಇದೆ. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ಗುಂಡಿನ ತುದಿ ಮುಂದಿನ ತೋಟಾದ ಪ್ರೈಮರಿಗೆ, ಅಂದರೆ ಪೆಟ್ಟು ಬಿದ್ದರೆ ಸಿಡಿಯುವ ಹಿಂಬದಿಯ ಬಿಲ್ಲೆಗೆ, ತಾಗಿರುತ್ತದೆ. ತುದಿ ಚೂಪಾಗಿದ್ದರೆ ಒದೆಯ ರಭಸಕ್ಕೆ ಕೊಳವೆಯಲ್ಲೇ ಸಿಡಿಯಬಹುದು. ಅದಕ್ಕೇ ಮೊಂಡು ಮೂತಿಯ ಗುಂಡು ಬಳಸುತ್ತಾರೆ. ಮೊಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ನೂರು ಗಜಕ್ಕೆ ಗುರಿ ಕಟ್ಟಿದರೆ ಇನ್ನೂರರಲ್ಲಿ ಏಳೆಂಟು ಅಂಗುಲ ಕೆಳಗೆ ಬೀಳುತ್ತದೆ. ಈಗ ಮೆತ್ತನೆ ಪ್ಲಾಸ್ಟಿಕ್ ತುದಿಯ ತೋಟಾ ಸಿಗುತ್ತದೆ, ಇದರಿಂದ ಸ್ವಲ್ಪ ಅನುಕೂಲ. ಆದರೂ 150 ಗಜದಾಚೆ ನಾನು 30-30 ಎತ್ತುವುದಿಲ್ಲ. ಗಾಯಗೊಂಡು ಓಡುವ ಜಿಂಕೆ ಯಾರಿಗೂ ಬೇಡ.

ಈ ಮಿತಿಯನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ದಾಟಿದ್ದು ಸ್ಯಾವೇಜ್ 99. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ರೂಪಿಸಿದ್ದು, 1899ರದ್ದು. ನೋಡಲು ಲಿವರ್ ರೈಫಲ್, ಒಳಗೆ ಬೇರೆಯದೇ ಯೋಚನೆ. ಹೊರಗೆ ಕಾಣುವ ಹ್ಯಾಮರ್ ಇಲ್ಲ. ಕೊಳವೆಯೂ ಇಲ್ಲ. ಹೊಟ್ಟೆಯೊಳಗೆ ಹಿತ್ತಾಳೆಯ ರಾಟೆಯೊಂದಿದೆ. ಐದು ತೋಟಾಗಳು ಅದರ ಸುತ್ತ ಕೂರುತ್ತವೆ. ಲಿವರ್ ಎಳೆದಂತೆ ರಾಟೆ ತಿರುಗಿ ಒಂದೊಂದನ್ನೇ ಮೇಲೆ ಕೊಡುತ್ತದೆ. ಯಾವ ಗುಂಡಿನ ತುದಿಯೂ ಯಾವ ಪ್ರೈಮರಿಗೂ ತಾಗುವುದಿಲ್ಲ. ಹಾಗಾಗಿ ಚೂಪು ಗುಂಡು ಬಳಸಬಹುದು. ಹಳೆಯವುಗಳಲ್ಲಿ ಎಡಗಡೆ ಪುಟ್ಟ ಕಿಟಕಿ ಇದೆ. ಒಳಗೆ ಎಷ್ಟು ತೋಟಾ ಉಳಿದಿವೆ ಅಂತ ಅದರಲ್ಲಿ ಅಂಕಿ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

1915ರಲ್ಲಿ ಇದಕ್ಕೆ .250-3000 ತೋಟಾ ಬಂತು. ಸೆಕೆಂಡಿಗೆ 3000 ಅಡಿ ವೇಗ ಮುಟ್ಟಿದ ಮೊದಲ ಮಾರುಕಟ್ಟೆ ತೋಟಾ ಅದು. 1920ರಲ್ಲಿ .300 ಸ್ಯಾವೇಜ್ ಬಂತು. ಮುಂದೆ .308 ತೋಟಾ ರೂಪಿಸುವ ಪ್ರಯೋಗಗಳು ಶುರುವಾದದ್ದು ಇದರಿಂದಲೇ. ನಾನು ಹೊತ್ತದ್ದು .300 ಸ್ಯಾವೇಜ್‌ನದ್ದು. 150 ಗ್ರೇನ್ (ಹತ್ತಿರ ಹತ್ತು ಗ್ರಾಂ) ಗುಂಡು ಸುಮಾರು 2600 ಅಡಿ ವೇಗದಲ್ಲಿ ಹೊರಡುತ್ತದೆ. ಇನ್ನೂರು ಗಜ ಇದಕ್ಕೆ ದೂರವೇ ಅಲ್ಲ. ಭಾರವೆಲ್ಲ ನಡುವಿನಲ್ಲಿರುವುದರಿಂದ ಕೋವಿ ತಾನಾಗಿಯೇ ಭುಜಕ್ಕೆ ಏರಿದಂತೆ ಅನ್ನಿಸುತ್ತದೆ. ಇಳಿಜಾರಿನಲ್ಲಿ ಅಡ್ಡ ಓಡಿಬಂದು ನಿಂತ ಗಂಡುಜಿಂಕೆಯ ಮೇಲೆ ಇದರ ಗುರಿ ಕೂತಷ್ಟು ಬೇಗ ಬೇರೆ ಯಾವುದರದ್ದೂ ನನಗೆ ಕೂತಿಲ್ಲ.

ಮಾಡುವ ಖರ್ಚು ಜಾಸ್ತಿ ಅನ್ನುವುದೇ ಇದರ ಕಷ್ಟವಾಯಿತು. 1990ರ ದಶಕದ ಕೊನೆಗೆ ತಯಾರಿಕೆ ನಿಂತಿತು. .300 ಸ್ಯಾವೇಜ್ ತೋಟಾ ಈಗ ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದು ಅಪರೂಪ. 30-30 ಆದರೆ ಎಲ್ಲ ಕಡೆ ಸಿಗುತ್ತದೆ.

ಕಾಡಿನ ಅಂಚಿನ ಹುಲ್ಲುಗಾವಲು, ಗ್ಯಾಸ್ ಪೈಪ್‌ಲೈನಿಗೆಂದು ಮರ ಕಡಿದ ಉದ್ದನೆಯ ಬಯಲು, ಇಂಥ ಕಡೆ ಮರಸು ಕೂರುವವರು 1936ರಿಂದ ಬಂದ ವಿಂಚೆಸ್ಟರ್ 70 ಒಯ್ಯುತ್ತಾರೆ. ಬೋಲ್ಟನ್ನು ಕೈಯಿಂದಲೇ ಹಿಂದೆ ಮುಂದೆ ಎಳೆದು ತೋಟಾ ತುಂಬುವ ಕೋವಿ. .270 ಅಥವಾ 30-06 ತೋಟಾ, ಮುನ್ನೂರು ಗಜ ಆರಾಮ. ಒಳ್ಳೆಯ ಕೋವಿ, ಅದರಲ್ಲಿ ಮಾತೇ ಇಲ್ಲ. ಆದರೆ ಲಾರೆಲ್ ಪೊದೆಯಲ್ಲಿ ಅಷ್ಟು ಉದ್ದ, ಅಷ್ಟು ಭಾರ ನನಗೆ ಬೇಡ. 1952ರ ರೆಮಿಂಗ್ಟನ್ 760 ಪೆನ್ಸಿಲ್ವೇನಿಯಾದವರಿಗೆ ಬಹಳ ಪ್ರಿಯ. ಇಲ್ಲಿ ಜಿಂಕೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್ (ಈಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವಂಥದ್ದು) ಬಳಸುವಂತಿಲ್ಲ, ಹಾಗಾಗಿ ವೇಗ ಬೇಕಾದವರು ಮುಂಗೈ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಈ ಪಂಪ್ ಕೋವಿ ಹಿಡಿದರು. ತುಂಬಿದ ಕೋವಿಯನ್ನು ಕಾರಿನಲ್ಲಿ ಇಡುವಂತಿಲ್ಲವಲ್ಲ, ಇದರ ಮ್ಯಾಗಜಿನ್ ಕಳಚಿ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರ್ ಒಮ್ಮೆ ನೋಡಿದರೆ ಆಯಿತು. 94ರಲ್ಲೂ ಮಾರ್ಲಿನ್‌ನಲ್ಲೂ ಹೆಪ್ಪುಗಟ್ಟಿದ ಬೆರಳಲ್ಲಿ ಒಂದೊಂದೇ ತೋಟಾವನ್ನು ಲಿವರ್ ಎಳೆದು ಹೊರಹಾಕಬೇಕು. ಆದರೆ 760ರ ಮುಂಗೈ ಹಿಡಿ ಅಲುಗಾಡಿ ಸದ್ದು ಮಾಡುತ್ತದೆ. ಕಾಯುತ್ತ ಕೂತಾಗ ಅದು ನನಗೆ ಆಗುವುದಿಲ್ಲ.

ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಮನೆಯ ಕೋವಿಗಳನ್ನು ಸಾಲಾಗಿಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಇಲ್ಲಿ ಪೂಜೆ ಇಲ್ಲ, ಆದರೆ ತಾತನ ಕೋವಿ ಮೊಮ್ಮಗಳ ಕೈಗೆ ಬರುವ ದಿನಕ್ಕೆ ಇಡೀ ಕ್ಯಾಂಪು ಸೇರುತ್ತದೆ. ನಾನು ಬಳಸಿದ ಸ್ಯಾವೇಜ್ ಕೂಡ ಹಾಗೆ ಮೂರನೆಯ ತಲೆಮಾರಿಗೆ ಬಂದದ್ದು. ಹಿಡಿಯ ಹತ್ತಿರ ನೀಲಿ ಬಣ್ಣ ಸವೆದು ಉಕ್ಕು ಬೆಳ್ಳಗಾಗಿದೆ. ಅದನ್ನು ಹೊಸದಾಗಿ ಬಣ್ಣಕ್ಕೆ ಕೊಡಲು ಆ ಮನೆಯವರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಹಾಗಾದರೆ ಯಾವುದು? ಮೊದಲ ರೈಫಲ್ ಕೊಳ್ಳುವವರಿಗೆ ಮಾರ್ಲಿನ್ 336. ಬಿಡಿಭಾಗ ಸಿಗುತ್ತದೆ, ತೋಟಾ ಸಿಗುತ್ತದೆ, ಸ್ಕೋಪ್ ಕೂರುತ್ತದೆ. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡ ಮೇಲೆ ಹೊಸ 336 ಮತ್ತೆ ಬರುತ್ತಿದೆ. ಕಣ್ಣು ಚೂಪಾಗಿದ್ದು ದಿನವೆಲ್ಲ ನಡೆಯುವವರಿಗೆ 1964ಕ್ಕೆ ಮುಂಚಿನ 94. ಒಂದನ್ನೇ ಇಟ್ಟುಕೋ ಅಂತ ನನಗೆ ಹೇಳಿದರೆ ಸ್ಯಾವೇಜ್ 99, ಅದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಹಳೆಯ 99 ಕೊಳ್ಳುವವರು ಎರಡು ವಿಷಯ ನೋಡಿ. ಉಕ್ಕಿನ ಮೈ ಮರದ ಹಿಡಿಗೆ ಸೇರುವಲ್ಲಿ ಸಣ್ಣ ಬಿರುಕು ಇದೆಯಾ ಅಂತ ದೀಪ ಹಿಡಿದು ನೋಡಬೇಕು, ಈ ಕೋವಿಯ ಮರ ಒಡೆಯುವುದು ಹೆಚ್ಚಾಗಿ ಅಲ್ಲೇ. ಆಮೇಲೆ ನಳಿಗೆಯ ಮೇಲಿನ ಬರಹ ಓದಿ. .303 ಸ್ಯಾವೇಜ್ ಅಂತ ಇದ್ದರೆ ಆ ತೋಟಾ ಈಗ ಸಿಗುವುದು ಬಹಳ ಕಷ್ಟ. ಅದೂ .303 ಬ್ರಿಟಿಷ್ ತೋಟಾವೂ ಬೇರೆ ಬೇರೆ, ಒಂದರ ಬದಲು ಇನ್ನೊಂದನ್ನು ಯಾವ ಕಾರಣಕ್ಕೂ ಹಾಕಬಾರದು.